ಎಲ್ಲ ಸಾಲಿನಲ್ಲೂ ನನ್ನ ಹೆಸರು

ಕೊಡಿಗೇಹಳ್ಳಿಯ ಕೃಷ್ಣಮ್ಮನವರಿಗೆ ಅವಸರ ಕಂಡರೆ ಆಗುತ್ತಿರಲಿಲ್ಲ. ಯಶವಂತಪುರದ ನಮ್ಮ ಕಂಪನಿ ಮಂಡಿಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ ಮಾಡಿ ಮಾರುತ್ತದೆ. ಆ ತಕ್ಕಡಿಯ ಸಾಫ್ಟ್‌ವೇರನ್ನು ಹದಿಮೂರು ವರ್ಷ ಒಬ್ಬರೇ ಕೂತು ಬರೆದವರು ಅವರು. ಮನೆಯ ಹೊಲ ರಸ್ತೆಗೆ ಹೋದ ಮೇಲೆ ಡಿಪ್ಲೊಮಾ ಓದಿ ಕೆಲಸಕ್ಕೆ ಸೇರಿದ್ದರು. ಒಂದೇ ಒಂದು ಸಾಲು ಬದಲಿಸಿದರೂ ತಕ್ಕಡಿಯ ಮೇಲೆ ಐದು ಕಿಲೋ ರಾಗಿ ಚೀಲ ಇಟ್ಟು ನೋಡದೆ ಒಪ್ಪಿಸುತ್ತಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು. ನಾನು ಜಾಸ್ತಿ ನಗುತ್ತಿದ್ದೆ.

ಅವರೂ ನಾನೂ ಕಾಂಟ್ರ್ಯಾಕ್ಟ್ ಮೇಲಿದ್ದೆವು. ಆ ವರ್ಷ ಒಂದೇ ಒಂದು ಕಾಯಂ ಹುದ್ದೆ ಬರುವುದಿತ್ತು.

ಅವರ ಕೋಡೆಲ್ಲ ವಿಂಡೋಸ್‌ನಲ್ಲಿ ಬರೆದದ್ದು, ಯಾವ ಸಾಲು ಯಾರು ಬರೆದರೆಂದು ಲೆಕ್ಕ ಇಡುವ ಎಸ್‌ವಿಎನ್ ಎಂಬ ಹಳೆಯ ಉಗ್ರಾಣದಲ್ಲಿ ಇಟ್ಟದ್ದು. ಹೊಸ ತಂಡದವರು ವಿಂಡೋಸ್ ಬದಲು ಲಿನಕ್ಸ್, ಎಸ್‌ವಿಎನ್ ಬದಲು ಗಿಟ್ ಬಳಸುವವರು. ಎರಡೂ ಕಡೆಯ ಕೋಡ್ ಹೊಂದಿಕೊಂಡು ಹೋಗುವಂತೆ ನಡುವೆ ಸೇತುವೆ ಕಟ್ಟುವ ಕೆಲಸ ನನಗೆ ಬಿತ್ತು. ಇದರಲ್ಲೊಂದು ತೊಡಕಿದೆ. ಪ್ರತಿ ಸಾಲಿನ ಕೊನೆಗೆ ವಿಂಡೋಸ್ ಕಣ್ಣಿಗೆ ಕಾಣದ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ ಹಾಕುತ್ತದೆ.

"ನಾಗೇಶ, ಸಾಲಿನ ಕೊನೆ ಮೊದ್ಲು ಸರಿ ಮಾಡ್ಕೊಳಪ್ಪ. ಒಂದು ಫೈಲ್ ಕಳ್ಸಿ ನೋಡು, ಆಮೇಲೆ ಮಿಕ್ಕಿದ್ದು" ಎಂದಿದ್ದರು ಕೃಷ್ಣಮ್ಮ.

"ಆಯ್ತಕ್ಕ, ನೋಡ್ತೀನಿ" ಎಂದೆ. ನೋಡಲಿಲ್ಲ. ಎಲ್ಲವನ್ನೂ ಒಂದೇ ಸಲ ದಾಟಿಸಿದೆ. ನನ್ನ ಕಂಪ್ಯೂಟರು ಪ್ರತಿ ಸಾಲಿನ ಕೊನೆಯಿಂದಲೂ ಒಂದು ಗುರುತನ್ನು ಕಿತ್ತುಹಾಕಿತು. ಗುರುತು ಹೋದರೂ ಗಿಟ್‌ಗೆ ಅದು ಬದಲಾದ ಸಾಲೇ, ಬದಲಿಸಿದವನ ಹೆಸರು ಅದಕ್ಕೆ ಅಂಟುತ್ತದೆ. ನಲವತ್ತು ಸಾವಿರ ಸಾಲಿನ ಮುಂದೆಯೂ ನಾಗೇಶ್ ಎಂದು ಬಂತು. ತಕ್ಕಡಿ ಮಾತ್ರ ಸರಿಯಾಗಿಯೇ ತೂಗುತ್ತಿತ್ತು. ಅಳಿಸಿ ಮತ್ತೆ ದಾಟಿಸಲು ಅರ್ಧ ದಿನ ಸಾಕಿತ್ತು. ಸೋಮಾರಿತನದಿಂದ ಹಾಗೇ ಬಿಟ್ಟೆ.

ಎರಡು ತಿಂಗಳ ಮೇಲೆ, ಆಗಷ್ಟೇ ಬಂದಿದ್ದ ಡೈರೆಕ್ಟರ್ ಮಹಾಲಿಂಗಪ್ಪನವರು ಯಾರು ಎಷ್ಟು ಬರೆದಿದ್ದಾರೆ ಎಂಬ ಗಿಟ್ ಪಟ್ಟಿಯನ್ನು ಹೊಸ ತಂಡದವರೇ ತುಂಬಿದ್ದ ಮೀಟಿಂಗಿನಲ್ಲಿ ಪರದೆಗೆ ಹಾಕಿದರು.

"ಕೋಡೆಲ್ಲಾ ನಾಗೇಶ್‌ದೇ ಇದೆ ಕಣ್ರೀ. ಮೇಡಂ, ನಿಮ್ದು ಇನ್ನೂರು ಸಾಲೂ ಇಲ್ವಲ್ಲ" ಎಂದರು.

ಕೃಷ್ಣಮ್ಮನವರು ನನ್ನ ಕಡೆ ನೋಡಿದರು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ. ಸಾರ್, ಅದು ತಪ್ಪು. ಮೂರೇ ಪದ ಬೇಕಿದ್ದದ್ದು. ನಾಲಿಗೆ ಹೊರಳಲಿಲ್ಲ ಎಂದರೆ ಸುಳ್ಳು, ನಾನೇ ಹೊರಳಿಸಲಿಲ್ಲ. ಕಾಯಂ ಹುದ್ದೆ ನನಗೆ ಬಂತು. ಅವರ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ.

ಆಮೇಲೆ ಆಫೀಸಿನಲ್ಲಿ ಯಾರು ಅವರ ಹೆಸರೆತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನನ್ನ ಮುಖ ನನಗೇ ಬೇಡವಾಗಿತ್ತು. ತಡೆಯಲಾಗದೆ ಕಳೆದ ಭಾನುವಾರ ಅವರ ಮನೆಗೆ ಹೋದೆ. ಐದಂತಸ್ತಿನ ಎರಡು ಕಟ್ಟಡಗಳ ಮಧ್ಯೆ ಹೆಂಚಿನ ಮನೆ. ಕೂರಿಸಿ ಕಾಫಿ ಕೊಟ್ಟರು. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದೆ.

"ಗೊತ್ತು. ಪರದೆ ನೋಡಿದ ತಕ್ಷಣ ಗೊತ್ತಾಯ್ತು. ಹಳೇ ಎಸ್‌ವಿಎನ್‌ನಲ್ಲಿ ಎಲ್ಲಾ ನನ್ ಹೆಸ್ರಲ್ಲೇ ಇತ್ತಲ್ಲ, ಮೀಟಿಂಗಲ್ಲೇ ಲ್ಯಾಪ್‌ಟಾಪಲ್ಲಿ ತೆಗ್ದಿಟ್ಕೊಂಡಿದ್ದೆ" ಎಂದರು.

"ಮತ್ತೆ ಯಾಕಕ್ಕ ತೋರಿಸ್ಲಿಲ್ಲ?"

ಅವರು ನನ್ನ ಖಾಲಿ ಲೋಟ ಎತ್ತಿಕೊಂಡರು.

"ನೀನೇ ಹೇಳ್ತೀಯ ಅಂತ ಕಾದೆ ಕಣಪ್ಪ. ನೀನು ಹೇಳ್ಲಿಲ್ಲ. ಅಷ್ಟು ಜನದ ಮುಂದೆ ನಿನ್ನನ್ನ ಸುಳ್ಳುಗಾರ ಅಂತ ತೋರ್ಸೋಕೆ ನಂಗೇ ನಾಚ್ಕೆ ಆಯ್ತು."