ಟರ್ನ್ ಎಂಬ ಪದವೂ ಅಪ್ಪನ ಮಡೆಯೂ

ಮೇಷ್ಟ್ರ ಕೆಲಸ ಬಿಟ್ಟು ವರ್ಷಗಳಾದವು. ಆದರೂ ಇಂಗ್ಲಿಷಿನ ‘ಟರ್ನ್’ ಎಂಬ ಪದ ಕಣ್ಣಿಗೆ ಬಿದ್ದರೆ ನನ್ನ ಬೆರಳು ಸೀಮೆಸುಣ್ಣ ಹುಡುಕುತ್ತದೆ. ತಿರುಗು, ತಿರುಗಿಸು, ಹೊರಳು, ಮಗುಚು. ರಸ್ತೆಯಲ್ಲಾದರೆ ತಿರುವು, ಆಟದಲ್ಲಾದರೆ ಸರದಿ. ಹಾಲು ‘ಟರ್ನ್’ ಆದರೆ ಒಡೆಯಿತೆಂದು ಅರ್ಥ. ಎಲೆ ಆದರೆ ಹಣ್ಣಾಯಿತೆಂದು. ಹುಡುಗಿಯೊಬ್ಬಳು ಹದಿನಾರಕ್ಕೆ ‘ಟರ್ನ್’ ಆದರೆ ಅವಳಿಗೆ ಹದಿನಾರು ತುಂಬಿತೆಂದು. ಒಬ್ಬರಿಗೆ ‘ಗುಡ್ ಟರ್ನ್’ ಮಾಡಿದರೆ ಅದು ಉಪಕಾರ. ಅನ್ನಕ್ಕೂ ಸಾರಿಗೂ ಸ್ನಾನದ ನೀರಿಗೂ ಒಂದೇ ಪಾತ್ರೆ ಇಟ್ಟುಕೊಂಡ ಮನೆಯಂತೆ ಆ ಭಾಷೆ ನನಗೆ ಕಾಣುತ್ತಿತ್ತು. ನಮ್ಮ ಭಾಷೆಯಲ್ಲಾದರೋ ಪ್ರತಿಯೊಂದಕ್ಕೂ ಬೇರೆ ಪಾತ್ರೆ, ಬೇರೆ ಜಾಗ. ಈ ಹೆಮ್ಮೆಯನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ.

ಎಪ್ಪತ್ತರ ದಶಕದ ನಡುಭಾಗದಲ್ಲಿ ನಾನು ಹೊಸದುರ್ಗದ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷನ್ನೂ ಕನ್ನಡ ವ್ಯಾಕರಣವನ್ನೂ ಕಲಿಸುತ್ತಿದ್ದೆ. ಹುಡುಗರು ‘ಬಾಷೆ’ ಎಂದು ಬರೆದರೆ ‘ಭಾಷೆ’ ಎಂದು ಪುಟ ತುಂಬ ಬರೆಸುತ್ತಿದ್ದೆ. ಬೆನ್ನ ಹಿಂದೆ ಅವರು ನನ್ನನ್ನು ‘ಮಹಾಪ್ರಾಣ ಮೇಷ್ಟ್ರು’ ಎನ್ನುತ್ತಾರೆಂದು ಗೊತ್ತಿತ್ತು. ಅದರಲ್ಲಿ ಕಾಗುಣಿತ ತಪ್ಪಿಲ್ಲವೆಂಬುದಷ್ಟೇ ನನಗೆ ಮುಖ್ಯವಾಗಿತ್ತು. ನಾನು ಕಲಿಸುವ ಕ್ರಮ ನಿಶ್ಚಿತವಾಗಿತ್ತು: ಒಂದು ಪದ ಹಿಡಿದರೆ ಮೊದಲು ಅದರ ನಾಮರೂಪಗಳು, ಆಮೇಲೆ ಕ್ರಿಯಾರೂಪಗಳು, ಕೊನೆಗೆ ನುಡಿಗಟ್ಟುಗಳು. ಒಂದು ಶನಿವಾರ ಮಧ್ಯಾಹ್ನ ಊರಿಗೆ ಬಸ್ಸು ಹತ್ತಿದಾಗ ‘ಟರ್ನ್’ನ ಪಾಠ ಅರ್ಧಕ್ಕೆ ನಿಂತಿತ್ತು. ನುಡಿಗಟ್ಟುಗಳು ಸೋಮವಾರಕ್ಕೆ ಉಳಿದಿದ್ದವು. ಅವುಗಳಲ್ಲಿ ‘ಔಟ್ ಆಫ್ ಟರ್ನ್’ ಎಂಬುದಕ್ಕೆ ಸರಿಯಾದ ಕನ್ನಡ ಸಿಗದೆ, ಮಾರಿಕಣಿವೆಯ ಅಣೆಕಟ್ಟೆ ದಾಟುವವರೆಗೂ ಕಿಟಕಿಗೆ ತಲೆಯಾನಿಸಿ ಅದನ್ನೇ ಯೋಚಿಸುತ್ತಿದ್ದೆ.

ನಮ್ಮೂರು ಹಿರಿಯೂರಿನ ಆಚೆ, ಆ ಅಣೆಕಟ್ಟೆಯ ಕಾಲುವೆಯ ಕೆಳಗಿದೆ. ಕಾಲುವೆಯ ನೀರು ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತದೆ. ಅದಕ್ಕೆ ಪಾಳಿ ಎನ್ನುತ್ತೇವೆ. ಪಾಳಿಯನ್ನು ನೋಡಿಕೊಳ್ಳುವವನು ನೀರುಗಂಟಿ. ಕಾಲುವೆಯಿಂದ ಹೊಲಕ್ಕೆ ನೀರು ನುಗ್ಗುವ ಕಂಡಿಗೆ ಮಡೆ ಎಂದು ಹೆಸರು. ತನ್ನ ಪಾಳಿ ಮುಗಿದವನು ತನ್ನ ಮಡೆಯನ್ನು ತಾನೇ, ತನ್ನ ಸಲಿಕೆಯಿಂದಲೇ, ಮಣ್ಣಿನ ಹೆಂಟೆ ಹಾಕಿ ಕಟ್ಟಬೇಕು. ಇನ್ನೊಬ್ಬರ ಮಡೆಯನ್ನು ಯಾರೂ ಮುಟ್ಟುವುದಿಲ್ಲ. ಎಷ್ಟೇ ಜಗಳವಾದರೂ ಮುಟ್ಟುವುದಿಲ್ಲ. ಚಿಕ್ಕಂದಿನಿಂದಲೇ ಚಿತ್ರದುರ್ಗದ ಹಾಸ್ಟೆಲಿನಲ್ಲಿ ಓದಿದ ನನಗೆ ಪದ್ಧತಿಯ ಈ ಮೊದಲರ್ಧ ಮಾತ್ರ ತಿಳಿದಿತ್ತು.

ಮರುದಿನ ಭಾನುವಾರ ಬೆಳಿಗ್ಗೆ ಅಪ್ಪನ ಕಬ್ಬಿಗೆ ಪಾಳಿ. ಅಪ್ಪನ ನಂತರ ಪಕ್ಕದ ಗದ್ದೆಯ ಚಿಕ್ಕವ್ವನ ಪಾಳಿ. ಆಕೆ ನಮಗೆ ರಕ್ತಸಂಬಂಧಿಯಲ್ಲ. ಗಂಡನನ್ನು ಕಳೆದುಕೊಂಡು ಒಂದೇ ಒಂದು ಗದ್ದೆಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಅಪ್ಪನನ್ನು ಭಾವ ಎನ್ನುತ್ತಿದ್ದಳು. ಅಂದು ನೀರು ಬರುತ್ತದೆಂದು ನಂಬಿ ಬೆಳಿಗ್ಗೆಯೇ ಭತ್ತದ ಸಸಿ ಕಿತ್ತು, ಕಟ್ಟು ಕಟ್ಟಿ, ಕಾಲುವೆಯ ಅಂಚಿನಲ್ಲಿ ನೆನೆಯಿಟ್ಟಿದ್ದಳು. ನಾಟಿ ಹಾಕುವ ಹೆಂಗಸರಿಗೆ ಮರುದಿನ ಬರಲು ಹೇಳಿಯಾಗಿತ್ತು. ಗದ್ದೆಯಾದರೋ ಬಿರಿದು ಕೂತಿತ್ತು. ಅಪ್ಪನ ಪಾಳಿ ಮುಗಿದ ಹೊತ್ತಿನಿಂದ ಸಂಜೆಯವರೆಗೆ ನೀರು ನಿಂತರೆ ಮಾತ್ರ ಅದು ನಾಟಿಗೆ ಕೆಸರಾಗುತ್ತಿತ್ತು. ಕಿತ್ತ ಸಸಿ ಇನ್ನೊಂದು ಪಾಳಿಯವರೆಗೆ ಕಾಯುವುದಿಲ್ಲ.

ಸಾಮಾನ್ಯವಾಗಿ ಹುಣಿಸೆ ಮರದ ನೆರಳು ಗಡಿಕಲ್ಲನ್ನು ಮುಟ್ಟಿದಾಗ ಅಪ್ಪನ ಪಾಳಿ ಮುಗಿಯುತ್ತಿತ್ತು. ಅಂದು ಮೋಡ. ನೆರಳೇ ಇರಲಿಲ್ಲ. ನೀರುಗಂಟಿ ಬದುವಿನ ಮೇಲೆ ಬೀಡಿ ಹಚ್ಚಿ ನನ್ನನ್ನು ಕರೆದ.

“ಮೇಷ್ಟ್ರೆ, ಬರ್ರಿ ಇಲ್ಲಿ. ಕೈಯಾಗೆ ಗಡಿಯಾರ ಕಟ್ಟೀರಲ್ಲ, ಇವತ್ತು ನೀವೇ ನಮ್ಗೆ ಹುಣಿಸೆ ಮರ.”

ಕಾಲುವೆಯ ಏರಿಯ ಮೇಲೆ ಕುಳಿತಿದ್ದ ಇಬ್ಬರು ಮೂವರು ನಕ್ಕರು. ಅಪ್ಪನೂ ನಕ್ಕ. ಮಧ್ಯಾಹ್ನ ಒಂದು ಗಂಟೆಗೆ ಅಪ್ಪ ಮಡೆ ಕಟ್ಟಬೇಕೆಂದು ಎಲ್ಲರೂ ಒಪ್ಪಿದರು. ಊರಿನ ನೀರನ್ನು ನನ್ನ ಮಣಿಕಟ್ಟಿಗೆ ಒಪ್ಪಿಸಿದಂತಾಗಿ ನಾನು ಸ್ವಲ್ಪ ಉಬ್ಬಿದೆ ಎಂಬುದನ್ನು ಮುಚ್ಚಿಡಲಾರೆ.

ಗಂಟೆ ಒಂದಾಯಿತು.

“ಅಪ್ಪ, ಒಂದಾಯ್ತು” ಎಂದೆ.

ಅಪ್ಪ ಕಬ್ಬಿನ ಕಡೆಗೇ ನೋಡುತ್ತಿದ್ದ. “ಕುಂತ್ಕಳಲೇ, ಇನ್ನೆಲ್ಡು ಸಾಲು ಐತೆ.”

ಚಿಕ್ಕವ್ವ ಸಲಿಕೆ ಹಿಡಿದು ತನ್ನ ಮಡೆಯ ಬಳಿ ನಿಂತಿದ್ದಳು. ಹಿರಿಯನ ಮುಂದೆ ಬಾಯಿ ತೆರೆಯಲಾರದೆ ಸಸಿಯ ಕಟ್ಟುಗಳ ಮೇಲೆ ಸುಮ್ಮನೆ ನೀರು ಚಿಮುಕಿಸುತ್ತಿದ್ದಳು. ನಾನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದೆ. ಈ ಸಲ ದನಿ ತರಗತಿಯದಾಗಿತ್ತು.

“ಅಪ್ಪ, ಪಾಳಿ ಮುಗಿದು ಹೊತ್ತಾಯಿತು. ಇದು ಕ್ರಮವಲ್ಲ.”

“ಕ್ರಮ ಅಂತೆ!” ಅಪ್ಪ ಉಳಿದವರತ್ತ ತಿರುಗಿದ. “ಕೇಳಿದ್ರೇನ್ರಪ್ಪ? ನಿನ್ ಗಡಿಯಾರ ಮುಂದೋಗೈತೆ ಕಣಲೇ. ಹೊಸದುರ್ಗದ ಟೈಮು ಅಲ್ಲೇ ಇಟ್ಬಾ.”

“ಅಲ್ಲಿ ಬ್ಯಾರೆ ಸೂರ್ಯ ಅದಾನೇನೋ” ಎಂದ ನೀರುಗಂಟಿ. ನಗು ಜೋರಾಯಿತು.

ಚಿಕ್ಕವ್ವನ ಸಸಿಗಾಗಿ ನಾನು ಎದ್ದೆನೆಂದು ಬರೆದರೆ ಓದುವವರು ಮೆಚ್ಚಬಹುದು. ಆದರೆ ನಾನು ಎದ್ದದ್ದು ಗಡಿಯಾರಕ್ಕಾಗಿ. ಪಂಚೆ ಮೇಲೆ ಕಟ್ಟಿ ಕಾಲುವೆಗೆ ಇಳಿದೆ. ಅಪ್ಪನ ಪಕ್ಕದಲ್ಲಿ ಮಲಗಿಸಿದ್ದ ಸಲಿಕೆಯನ್ನು ಎಳೆದುಕೊಂಡು ಮಡೆಗೆ ಹೆಂಟೆಯ ಮೇಲೆ ಹೆಂಟೆ ಹಾಕಿದೆ. ಬೇರೆಯವರ ಮಡೆ ಮುಟ್ಟಬಾರದು, ಸರಿ. ಆದರೆ ಅಪ್ಪನದು ನನ್ನದೇ ಅಲ್ಲವೇ ಎಂಬ ತರ್ಕ ಅಷ್ಟರಲ್ಲೇ ಸಿದ್ಧವಾಗಿತ್ತು. ಕಬ್ಬಿಗೆ ಹೋಗುತ್ತಿದ್ದ ನೀರು ನಿಂತಿತು.

ನಗುವೂ ನಿಂತಿತು. ನೀರುಗಂಟಿ ಬೀಡಿ ಎಸೆದು ಎದ್ದುಬಿಟ್ಟ.

“ಏ ಏ ಏ! ಏನ್ ಮಾಡಿದ್ಯಪ್ಪ! ನಿಮ್ಮಪ್ಪ ಇಲ್ಲೇ ಕುಂತವ್ನೆ, ಉಸಿರಾಡ್ತವ್ನೆ!”

ನನಗೆ ಅರ್ಥವಾಗಲಿಲ್ಲ. ಅವನೇ ದನಿ ತಗ್ಗಿಸಿ ಹೇಳಿದ. “ಇದ್ದೋನ ಮಡೆ ಇನ್ನೊಬ್ರು ಕಟ್ಟಾಕಿಲ್ಲ ಕಣಪ್ಪ. ಸತ್ತೋನ ಮಡೆ ಮಾತ್ರ ಮಗ ಬಂದು ಕಟ್ತಾನೆ. ನಿಮ್ಮ ತಾತ ಹೋದಾಗ ನಿಮ್ಮಪ್ಪ ಕಟ್ಟಿದ್ದ, ಹಿಂಗೇ, ಇದೇ ಜಾಗದಾಗೆ.”

ಸಲಿಕೆ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಡುವುದೋ ಹಿಡಿದಿರುವುದೋ ತಿಳಿಯಲಿಲ್ಲ. ಅಪ್ಪ ನನ್ನನ್ನು ನೋಡಲಿಲ್ಲ. ತನ್ನ ಮೊಣಕಾಲುಗಳನ್ನು ನೋಡುತ್ತಿದ್ದ. ಮಗನ ಗಡಿಯಾರವನ್ನು ಹಾಸ್ಯ ಮಾಡಿ ಎರಡು ಸಾಲಿಗೆ ನೀರು ಉಳಿಸಿಕೊಳ್ಳಲು ಹೊರಟ ಮನುಷ್ಯ, ಈಗ ನಾಲ್ಕು ಜನರ ಎದುರಿಗೆ ಪಾಳಿ ಕದ್ದವನೂ ಆಗಿದ್ದ, ಮಗನ ಪಾಲಿಗೆ ಸತ್ತವನೂ ಆಗಿದ್ದ. ಅವನ ಕಿವಿಗಳು ಕೆಂಪಾದುದನ್ನು ಆವರೆಗೆ ನಾನು ಕಂಡಿರಲಿಲ್ಲ.

ಚಿಕ್ಕವ್ವ ತನ್ನ ಮಡೆಯನ್ನು ತೆರೆಯಲೇ ಇಲ್ಲ. ಸಲಿಕೆಯನ್ನು ಬದುವಿಗೆ ಒರಗಿಸಿಬಿಟ್ಟಳು.

“ನಂಗೆ ಈ ನೀರು ಬ್ಯಾಡ ಬಿಡ್ರಿ.”

“ಯಾಕೆ ಚಿಕ್ಕವ್ವ? ಪಾಳಿ ನಿನ್ನದೇ” ಎಂದೆ.

“ಭಾವ ಕಟ್ಟಿ ಕೊಟ್ರೆ ನೀರು. ಇದು ಸೂತಕದ ನೀರು. ಇದ್ರಾಗೆ ನಾನು ಸಸಿ ಹೆಂಗ್ ಇಕ್ಕಲಪ್ಪ?”

ಎರಡು ಹೊಲಕ್ಕೂ ಇಲ್ಲದ ನೀರು ಕಾಲುವೆಯಲ್ಲೇ ಮುಂದೆ ಸಾಗಿ ಹಳ್ಳದ ಕಡೆಗೆ ಹೋಗತೊಡಗಿತು. ಸಸಿಯ ಕಟ್ಟುಗಳು ಅಂಚಿನಲ್ಲಿ ಒಂದಕ್ಕೊಂದು ಒರಗಿ ಕುಳಿತಿದ್ದವು. ಆಕೆ ಹಟ ಹಿಡಿದಿರಲಿಲ್ಲ. ವರ್ಷದ ಅನ್ನ ಕಣ್ಣೆದುರಿಗೇ ಹರಿದು ಹೋಗುವುದನ್ನು ನೋಡುತ್ತಾ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದಳು.

ಕೊನೆಗೆ ಅಪ್ಪ ಎದ್ದ. ನಿಧಾನವಾಗಿ ಕಾಲುವೆಗೆ ಇಳಿದು, ಮುಖ ನೋಡದೆ ನನ್ನ ಕೈಯಿಂದ ಸಲಿಕೆ ತೆಗೆದುಕೊಂಡ. ನಾನು ಹಾಕಿದ ಹೆಂಟೆಗಳನ್ನು ಒಂದೊಂದಾಗಿ ಕಿತ್ತು ಹಾಕಿದ. ನೀರು ಮತ್ತೆ ಕಬ್ಬಿಗೆ ನುಗ್ಗಿತು. ಅದನ್ನು ಒಂದು ಕ್ಷಣ ಹರಿಯಲು ಬಿಟ್ಟು, ಅವೇ ಹೆಂಟೆಗಳಿಂದ ತನ್ನ ಕೈಯಾರೆ ಮಡೆ ಕಟ್ಟಿದ. ಪಾದದಿಂದ ಒತ್ತಿ ಒತ್ತಿ ಮೆತ್ತಿದ.

“ತಿರುವ್ಕಳವ್ವ. ಈಗ ನಿನ್ ಪಾಳಿ.”

ಚಿಕ್ಕವ್ವ ನೀರು ತಿರುವಿಕೊಂಡಳು. ಬಿರಿದ ಗದ್ದೆ ನೀರು ಕುಡಿಯುವ ಸದ್ದು ಕೇಳಿಸಿತು. ಅಪ್ಪ ಸಲಿಕೆ ತೊಳೆದು, ಹೆಗಲಿಗಿಟ್ಟು, ನನ್ನನ್ನು ಕರೆಯದೆ ಮನೆಗೆ ನಡೆದ.

ಸಂಜೆ ರೇಡಿಯೋದ ವಾರ್ತೆಗೆ ಗಡಿಯಾರವನ್ನು ಹೋಲಿಸಿ ನೋಡಿದೆ. ಅದು ಸರಿಯಾಗಿಯೇ ಇತ್ತು. ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ಬಾರಿಗೆ ಅನ್ನಿಸಿತು.

ಸೋಮವಾರ ತರಗತಿಯಲ್ಲಿ ನುಡಿಗಟ್ಟುಗಳ ಪಾಠ ಮುಂದುವರಿಸಿದೆ. ‘ಔಟ್ ಆಫ್ ಟರ್ನ್’ ಎಂದು ಹಲಗೆಯ ಮೇಲೆ ಬರೆದು ಅರ್ಥ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ. “ಪಾಳಿ ತಪ್ಪಿ ನೀರು ಕಟ್ಕಂಡಂಗೆ, ಸಾರ್.” ಅವನಿಗೇನು ಗೊತ್ತು? ನೀರಾವರಿಯ ಕಡೆಯ ಯಾವ ಹುಡುಗನಾದರೂ ಹೇಳಬಹುದಾದ ಮಾತು ಅದು. ಬಸ್ಸಿನಲ್ಲಿ ನಾನು ಹುಡುಕುತ್ತಿದ್ದ ಕನ್ನಡ ಅದೇ ಆಗಿತ್ತು. ಅದನ್ನು ಹಲಗೆಯ ಮೇಲೆ ಬರೆಯಲು ನನ್ನ ಕೈ ಏಳಲಿಲ್ಲ. ಹುಡುಗರಿಗೆ ಬೆನ್ನು ಹಾಕಿ, ಬರೆದದ್ದನ್ನೆಲ್ಲ ಒರೆಸಿದೆ.

ಅಪ್ಪನ ಮುಂದಿನ ಪಾಳಿಗೆ ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟು ಹೋದೆ. ಚಿಕ್ಕವ್ವನ ಗದ್ದೆ ಹಸಿರಾಗಿತ್ತು. ಅಂದು ಬಿಸಿಲಿತ್ತು. ಹುಣಿಸೆಯ ನೆರಳು ಗಡಿಕಲ್ಲಿನಿಂದ ಇನ್ನೂ ಸಾಕಷ್ಟು ದೂರ ಇರುವಾಗಲೇ ಅಪ್ಪ ಸಲಿಕೆ ಹಿಡಿದು ಮಡೆ ಕಟ್ಟತೊಡಗಿದ.

“ಭಾವ, ನೆರಳು ಇನ್ನೂ ಅಲ್ಲೈತೆ. ಹೊತ್ತೈತೆ ಬಿಡ್ರಿ” ಎಂದಳು ಚಿಕ್ಕವ್ವ.

“ಇಲ್ಲವ್ವ, ಮೇಷ್ಟ್ರು ಬಂದವ್ರೆ. ಹೊತ್ತಾಗಿರ್ತದೆ.”

ಏರಿಯ ಮೇಲಿದ್ದವರು ಈ ಸಲ ನಗಲಿಲ್ಲ. ಆ ಬಳಿಕ, ನನಗೆ ಹೊಳಲ್ಕೆರೆಗೆ ವರ್ಗವಾದ ಮೇಲೂ, ಅಪ್ಪ ಪ್ರತಿ ಪಾಳಿಯಲ್ಲೂ ಹೊತ್ತಿಗೆ ಮುಂಚೆಯೇ ಮಡೆ ಕಟ್ಟುತ್ತಿದ್ದನೆಂದು ನೀರುಗಂಟಿ ಹೇಳುತ್ತಿದ್ದ. ಕಬ್ಬಿನ ಕೊನೆಯ ಸಾಲುಗಳು ಉಳಿದವುಗಳ ಮಗ್ಗುಲಲ್ಲಿ ಗಿಡ್ಡಾಗಿ, ಹಳದಿಯಾಗಿ ನಿಂತಿರುತ್ತಿದ್ದವು; ಊರಿಗೆ ಬರುವ ದಾರಿಯಿಂದಲೇ ಕಾಣುತ್ತಿದ್ದವು.

ಆ ಬಿಸಿಲಿನ ದಿನ ಮಡೆ ಕಟ್ಟಿ ಮುಗಿಸಿ ಅಪ್ಪ ಸಲಿಕೆ ತೊಳೆದು ಹೆಗಲಿಗಿಟ್ಟ. ಹೊರಡುವ ಮುನ್ನ ನನ್ನ ಕಡೆ ನೋಡಿದ.

“ಬರ್ರಿ ಮೇಷ್ಟ್ರೆ, ಉಂಬಾಕೆ ಹೋಗಾಣ.”

ಸಲಿಕೆ ನಾನು ಹೊರುತ್ತೇನೆ ಎಂದು ಕೈ ಚಾಚಿದೆ. ಅಪ್ಪ ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮುಂದೆ ನಡೆದ.