ಫ್ಯಾನಿನ ಮುಖ ಯಾರ ಕಡೆಗೆ

ಶಿಡ್ಲಘಟ್ಟದಲ್ಲಿ ಆಗತಾನೆ ಕರೆಂಟಿನ ಮೋಟರು ಹಾಕಿಸಿದ್ದ ಒಂದು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗೆ ತಪಾಸಣೆಗೆ ಹೋಗಿದ್ದೆ. ಹಬೆಯಾಡುವ ಬೋಗುಣಿಗಳ ಮುಂದೆ ಕೂತ ಹೆಂಗಸರು ಸುಡುನೀರಿಗೆ ಬೆರಳದ್ದಿ ಗೂಡುಗಳಿಂದ ಎಳೆ ತೆಗೆಯುತ್ತಿದ್ದರು. ಇಡೀ ಶೆಡ್ಡಿಗೆ ಇದ್ದದ್ದು ಒಂದೇ ಫ್ಯಾನು. ಅದರ ಮುಖ ಮೋಟರಿನ ಕಡೆಗಿತ್ತು.

"ಗಾಳಿ ಕೆಲಸಗಾರರಿಗೆ ಸಿಗಬೇಕು ಸಾಹುಕಾರ್ರೇ, ನಿಯಮ ಇದೆ" ಎಂದೆ.

"ಬಿಸಿಯಾದ್ರೆ ಮೋಟರು ನಿಂತ್ಕೊಂಡ್ಬಿಡ್ತದೆ ಸ್ವಾಮಿ. ಇವರು ಹಂಗೆಲ್ಲ ನಿಲ್ಲಲ್ಲ."

"ಅದು ಅಳಿಯ ಕಣಮ್ಮ, ನಾವು ಸೊಸೇರು" ಎಂದು ಮುನಿಯಮ್ಮ ಎಂಬಾಕೆ ಪಕ್ಕದವಳಿಗೆ ಹೇಳಿದಳು. ಆಮೇಲೆ ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. "ನಮಗೂ ಬಿಸಿಯಾಗೈತೆ ಸಾವ್ಕಾರ್ರೇ. ನಿಂತಿದೀವಿ."

ಒಬ್ಬೊಬ್ಬರಾಗಿ ಎಲ್ಲರೂ ಕೈಕಟ್ಟಿ ಕೂತರು. ಇವರನ್ನೆಲ್ಲ ನಾಳೆ ಕೆಲಸದಿಂದ ಬಿಡಿಸಿಬಿಟ್ಟಾರು ಎಂದು ನನಗೇ ಅಳುಕಾಯಿತು. ಸರಿಯಾದ ಕಲಮಿಗಾಗಿ ನಿಯಮದ ಪುಸ್ತಕ ತಿರುವತೊಡಗಿದೆ. ಅಂದಾಜಿನ ಮೇಲೆ ಮಾತಾಡುವುದು ನನ್ನ ಜಾಯಮಾನವಲ್ಲ. ಆದರೆ ಬಿಸಿನೀರಿನಲ್ಲಿರುವ ಗೂಡುಗಳಿಗೆ ಅಷ್ಟು ತಾಳ್ಮೆಯಿಲ್ಲ. ಹೊತ್ತು ಮೀರಿದರೆ ಬೆಂದು ಮುದ್ದೆಯಾಗುತ್ತವೆ, ಎಳೆ ಬರುವುದಿಲ್ಲ.

"ಗೂಡು ಹಾಳಾಗ್ತದೆ ಕಣೇ ಮುನಿಯಮ್ಮ, ಕೈ ಹಾಕಮ್ಮ" ಎಂದರು ಸಾಹುಕಾರರು.

"ಗಾಳಿ ಬರ್ಲಿ, ಹಾಕ್ತೀವಿ."

ಕಲಮು ಸಿಕ್ಕಿ ನಾನು ತಲೆಯೆತ್ತುವಷ್ಟರಲ್ಲಿ ಫ್ಯಾನು ಹೆಂಗಸರತ್ತ ತಿರುಗಿತ್ತು. ಸಾಹುಕಾರರು ಸ್ಟೂಲು ಹಾಕಿಕೊಂಡು ಕೂತು, ಬೀಸಣಿಗೆಯಿಂದ ಮೋಟರಿಗೆ ಗಾಳಿ ಹಾಕುತ್ತಿದ್ದರು. ಮಾಲೀಕರು ಬೆವರಬಾರದೆಂಬ ನಿಯಮವೂ ಇದೆಯೇ ಎಂದು ಮಾತ್ರ ನಾನು ಹುಡುಕಲು ಹೋಗಲಿಲ್ಲ.