ಸಂಡಿಗೆಯೊಳಗಿನ ನೀರು

ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದ ವರ್ಷವೇ ಅಪ್ಪ ತೀರಿಕೊಂಡರು. ಅವ್ವನನ್ನು ವಿಜಯಪುರದಿಂದ ಕರೆತಂದು ಗಾಜುವಾಕದ ಬಾಡಿಗೆ ಮನೆಯಲ್ಲಿ ಜೊತೆಗಿಟ್ಟುಕೊಂಡೆ. ತೆಲುಗು ಬಾರದ ಅವಳು ಮನೆಯೊಳಗೂ ಮಾತು ಕಡಿಮೆ ಮಾಡಿದ್ದಳು. ಬೇಸಿಗೆ ಬಂದಾಗ ಮಾತ್ರ ತಾನಾಗಿ ಎದ್ದು, ಅಕ್ಕಿ ಹಿಟ್ಟು ಬೇಯಿಸಿ, ತಾರಸಿಯಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಳು. ನಮ್ಮೂರಲ್ಲಿ ಅವಳ ಸಂಡಿಗೆಗೆ ಓಣಿಯವರೆಲ್ಲ ಕೈಯೊಡ್ಡುತ್ತಿದ್ದರು.

ಬೆಳಿಗ್ಗೆ ಇಟ್ಟದ್ದು ಸಂಜೆಗೆ ಗಲಗಲ ಅನ್ನಬೇಕು ಎಂಬುದು ಅವಳ ಲೆಕ್ಕ. ಇಲ್ಲಿ ಬಿಸಿಲಿಗೇನೂ ಬರವಿರಲಿಲ್ಲ. ಆದರೂ ಸಂಡಿಗೆಯ ಹೊಟ್ಟೆ ದಿನಗಟ್ಟಲೆ ಮೆತ್ತಗೇ ಉಳಿದು, ಕೊನೆಗೆ ಬೂಷ್ಟು ಹಿಡಿಯಿತು. ಅವ್ವ ಅಷ್ಟನ್ನೂ ಕಸಕ್ಕೆ ಸುರಿದು, "ನಿಮ್ಮಪ್ಪನ ಕೂಡ ನನ್ನ ಕೈಗುಣನೂ ಹೋತು," ಎಂದಳು.

ನನಗೆ ಸಿಟ್ಟು ಬಂತು. "ಸಮುದ್ರದ ನೀರು ಆವಿಯಾಗಿ ಇಲ್ಲಿ ಗಾಳ್ಯಾಗ ಮೊದಲೇ ತುಂಬಿ ಕುಂತೈತಿ ಬೇ. ನಿನ್ನ ಸಂಡಿಗಿ ನೀರಿಗೆ ಅದರಾಗ ಜಾಗ ಎಲ್ಲೈತಿ?" ಎಂದೆ. ಆ ಆವಿಯೇ ಮೇಲೇರಿ ತಣ್ಣಗಾಗಿ ಮೋಡವಾಗುತ್ತದೆ, ಸಿಂಹಾಚಲಂ ಬೆಟ್ಟದ ಮೇಲೆ ಸುರಿಯುತ್ತದೆ, ಹಳ್ಳ ಹಿಡಿದು ಮತ್ತೆ ಸಮುದ್ರ ಸೇರುತ್ತದೆ ಎಂದು ಮೇಷ್ಟರ ಹಾಗೆ ಕೈ ತಿರುಗಿಸಿ ವಿವರಿಸಿದೆ.

"ಹಂಗಾರ ಇಲ್ಲಿ ಮಂದಿ ತಮ್ಮ ಸಂಡಿಗಿ ಹೆಂಗ ಒಣಗಸ್ತಾರ?"

"ಅವರು ತೆಳ್ಳಗ, ಸಣ್ಣಗ ಇಡ್ತಾರ. ನೀ ನಮ್ಮೂರಾಗಿನಂಗ ದಪ್ಪ ಇಟ್ಟಿ."

ಅಂದಿನಿಂದ ಅವ್ವ ಪಲ್ಯಕ್ಕೆ ಉಪ್ಪು ಹಾಕುವುದಕ್ಕೂ ನನ್ನನ್ನೇ ಕರೆಯತೊಡಗಿದಳು.

ಮುಂದೆ ವಿಜಯವಾಡಕ್ಕೆ ವರ್ಗವಾಯಿತು. ನಮ್ಮ ಜಿಲ್ಲೆಯನ್ನು ದಾಟಿ ಬಂದ ಕೃಷ್ಣೆ ಅಲ್ಲಿ ಮಗ್ಗುಲಲ್ಲೇ ಇದ್ದರೂ ಮೇ ತಿಂಗಳಲ್ಲಿ ತುಟಿ ಒಡೆಯುತ್ತಿತ್ತು. ಪಶ್ಚಿಮದ ಕಾದ ನೆಲದ ಮೇಲಿಂದ ಬರುವ ಗಾಳಿಯಲ್ಲಿ ನೀರಿನ ಪಸೆಯೇ ಇರಲಿಲ್ಲ. ಈ ಸಲ ಗಾಳಿಯೇ ಅವಳಿಗೆ ಬುದ್ಧಿ ಹೇಳಲಿ ಎಂದು, ಸಂಡಿಗೆ ಮಾಡು ಅಂತ ದುಂಬಾಲು ಬಿದ್ದೆ.

"ನಾ ಹೇಳ್ತೀನಿ, ನೀ ಮಾಡು," ಎಂದಳು. ಅಡುಗೆಮನೆಯ ಬಾಗಿಲಲ್ಲಿ ಕುಳಿತು ನೀರು, ಉಪ್ಪು, ಹಿಟ್ಟಿನ ಹದ ಎಲ್ಲ ಹೇಳಿಕೊಟ್ಟಳು, ಹಿಟ್ಟನ್ನು ಮಾತ್ರ ಮುಟ್ಟಲಿಲ್ಲ. ನಾನು ಬೇಕೆಂದೇ ದಪ್ಪಗೆ ಇಟ್ಟ ಸೊಟ್ಟ ಸಂಡಿಗೆಗಳು ಸಂಜೆಗೆಲ್ಲ ಗಲಗಲ ಅಂದವು.

"ನೋಡಿದ್ಯೇನ್ ಬೇ, ಎಲ್ಲಾ ಗಾಳಿ ಆಟ," ಎಂದೆ, ವಾದ ಗೆದ್ದವಳಂತೆ.

ಅವ್ವ ಒಂದನ್ನು ಮುರಿದು ನೋಡಿದಳು. ಅಪ್ಪ ಹೋದ ಮೇಲೆ ಅವಳ ಮುಖದಲ್ಲಿ ಅಷ್ಟು ಸಂತೋಷ ಕಂಡಿರಲಿಲ್ಲ.

"ನನ್ನ ಕೈಗುಣ ಎಲ್ಲೂ ಹೋಗಿಲ್ಲ ತಗೋ. ನಿನಗ ಬಂದೈತಿ," ಎಂದಳು.

ನನಗೆ ಅಳು ಬಂತು. ಗಾಳಿಯ ಮಾತನ್ನು ಆಮೇಲೆ ನಾನು ಎತ್ತಲಿಲ್ಲ.